ದೀಪ ಹಚ್ಚುವ ಮುಂಚೆ ಹೂತದ್ದು

ಜನವರಿ ೬, ೧೯೬೪. ಸೋಮವಾರ. ನಸುಕು.

ಮತ್ತೆ ಕೆಟ್ಟ ಕನಸು. ಸ್ಟೋವಿನ ಮೇಲೆ ಪಾತ್ರೆ, ನೀರು ಕುದಿಯುತ್ತಿದೆ. ಸಿರಿಂಜು ಇರಬೇಕಾದಲ್ಲಿ ನನ್ನ ಎರಡೂ ಕೈ. ಮಣಿಕಟ್ಟಿನವರೆಗೆ, ಬಳೆ ಸಮೇತ. ನೋವು ಮಾತ್ರ ಇಲ್ಲ. ನಮ್ಮ ನರ್ಸು ಗೋದುಬಾಯಿ ಬಂದು ಚಿಮಟದಿಂದ ಒಂದನ್ನು ಎತ್ತಿ ನೋಡಿ, "ಇನ್ನೂ ಆಗಿಲ್ಲ, ಕುದೀಲಿ" ಎಂದು ಮತ್ತೆ ಒಳಗೆ ಬಿಟ್ಟರು. ನಾನು "ಹೂಂರಿ" ಎಂದೆ. ಎದ್ದ ಮೇಲೆ ಹೆದರಿಕೆಯಾದದ್ದು ಅದಕ್ಕೇ — ಕನಸಿನಲ್ಲೂ ಹೂಂ ಎಂದೆನಲ್ಲ.

ಅಗ್ನೆಸ್ ಆಚೆ ಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ. ದವಾಖಾನೆಯ ಹಿಂದಿನ ಖೋಲಿ, ಇಬ್ಬರಿಗೂ ಒಂದೇ. ಇಬ್ಬರದೂ ನರ್ಸ್ ಟ್ರೇನಿಂಗಿನ ಎರಡನೇ ವರ್ಷ. ಮಾರ್ಚಿಗೆ ಪರೀಕ್ಷೆ. ಪಾಸಾದರೆ ನರ್ಸಬಾಯಿ. ಫೇಲಾದರೆ... ಬರೆಯುವುದಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಡಿಸಿದರು, ತಮ್ಮಂದಿರನ್ನು ಎತ್ತಿಕೊಳ್ಳಲು. ದೊಡ್ಡವಳಾದ ಮೇಲೆ ಗಂಟು ಬಿದ್ದು ಮುಲ್ಕಿ ಪರೀಕ್ಷೆ ಕಟ್ಟಿದೆ, ಎರಡನೇ ಸಲಕ್ಕೆ ಪಾಸು. ಹಳಿಯಾಳದ ಈ ಟ್ರೇನಿಂಗು ಸಿಕ್ಕಾಗ ದಾಂಡೇಲಿಯ ನಮ್ಮ ಚಾಳಿನ ತುಂಬ ಪೇಢೆ ಹಂಚಿದ್ದ ಅಪ್ಪ.

ನಿನ್ನೆ ಇಡೀ ದಿನ ವಾರ್ಡು, ರಾತ್ರಿ ಹೆರಿಗೆ ಕೇಸು. ಇವತ್ತು ಮತ್ತೆ ವಾರ್ಡು. ಗಂಟೆ ಬಡಿಯಿತು. ಹೊರಟೆ.

ಜನವರಿ ೯, ಗುರುವಾರ.

ಇವತ್ತು ಹೇಳಿಯೇ ಬಿಡಬೇಕೆಂದು ಹೋಗಿದ್ದೆ. ಗೋದುಬಾಯಿ ಬೆಳಗಾವಿ ಕಡೆಯವರು, ದವಾಖಾನೆಗೆಲ್ಲ ದೊಡ್ಡ ನರ್ಸು. ಇನ್ನೊಬ್ಬ ನರ್ಸಿನ ಜಾಗ ಖಾಲಿ ಬಿದ್ದು ವರ್ಷ ದಾಟಿತು. ಆ ಜಾಗದ ಕೆಲಸವೂ ನಮ್ಮಿಬ್ಬರ ತಲೆಗೇ. ಅದಲ್ಲದೆ ಅವರ ಮನೆಯ ನೀರು, ಅವರ ಮನೆಯ ಬೀಸುಕಲ್ಲು.

"ಬಾಯಿಯವರ, ಇವತ್ತೊಂದು ರಾತ್ರಿ ನನಗ ಬಿಡ್ರಿ. ತಲಿ ತಿರಗಾಕತ್ತೈತಿ."

ಕುರ್ಚಿಯ ಮೇಲೆ ಕೂತು ಕಾಲು ಚಾಚಿದ್ದರು. ಬಾತ ಕಾಲು, ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತದೆ. "ಅಗ ಪೋರಿ, ನನಗ ಯಾರು ಬಿಟ್ಟಾರ? ಟ್ರೇನಿಂಗ್ ಅಂದ್ರ ಇದ. ನೀ ಬಂಗಾರದಂಥ ಹುಡುಗಿ, ಅದಕ್ಕ ನಿನಗ ಹೇಳ್ತೇನಿ. ಆ ಅಗ್ನೆಸ್‌ಗೆ ಹೇಳಿದ್ರ ಮಾಡ್ತಾಳೇನು?"

ಬಂಗಾರದಂಥ ಹುಡುಗಿ. ಅಷ್ಟು ಕೇಳಿದ್ದೇ ತಡ, ರಾತ್ರಿ ಡ್ಯೂಟಿಗೆ ನಾನೇ ಹೋಗಿ ನಿಂತೆ. ನನ್ನಂಥ ಮೂರ್ಖಳು ಇನ್ನೊಬ್ಬಳಿಲ್ಲ.

ಜನವರಿ ೧೨, ರವಿವಾರ.

ಅಪ್ಪ ಬಂದಿದ್ದ. ಕಾಗದದ ಮಿಲ್ಲಿಗೆ ಸೂಟಿ. ಚುರುಮುರಿ, ಮಿರ್ಚಿ, ಅವ್ವ ಕಟ್ಟಿದ ಸಜ್ಜಿ ರೊಟ್ಟಿ. ಗಿಡದ ಕೆಳಗೆ ಕೂತೆವು. ಅವನ ಅಂಗಿಗೆ ಮಿಲ್ಲಿನ ವಾಸನೆ ಇನ್ನೂ ಇತ್ತು — ಬಿದಿರು ಕುದಿಸಿದ ಆ ಕೊಳೆತ ವಾಸನೆ. ಚಿಕ್ಕಂದಿನಲ್ಲಿ ಮೂಗು ಮುಚ್ಚುತ್ತಿದ್ದೆ. ಇವತ್ತು ಅಳು ಬಂತು.

"ಯಾಕ ಸೊರಗೀದಿ?"

"ನಿದ್ದಿ ಕಡಿಮಿ, ಅಪ್ಪಾ. ಆಗೂದಿಲ್ಲ ಅಂತ ಹೇಳೂಣು ಅಂದ್ರ ಬಾಯೇ ಬರೂದಿಲ್ಲ."

ಅಪ್ಪ ಚುರುಮುರಿ ಮುಕ್ಕುವುದನ್ನು ನಿಲ್ಲಿಸಿದ. "ಹಂಗೆಲ್ಲ ಹೇಳಬ್ಯಾಡ ಮತ್ತ. ಮಿಲ್ಲಿನಾಗ ಆಗೂದಿಲ್ಲ ಅಂದಾವ ಒಬ್ಬಾಂವ ಉಳದಿಲ್ಲ. ಶಂಕ್ರಪ್ಪನ ಮಗಳು ಅಂದ್ರ ಎದಕ್ಕೂ ಒಲ್ಲೆ ಅನ್ನಬಾರದು. ಇನ್ನೇನ್ ಎರಡು ತಿಂಗಳು ಅಲ್ಲ?"

"ಹೂಂ" ಎಂದೆ. ಬಸ್ಸು ಹತ್ತಿಸಿ ಬರುವಾಗ ಆಯಾ ಎದುರಿಗೇ ಓಡಿ ಬಂದಳು — ಬಾಯಿಯವರು ಕರೆಯುತ್ತಿದ್ದಾರೆ ಎಂದು. ರೊಟ್ಟಿ ಗಂಟು ಆಯಾಳ ಕೈಗೇ ಕೊಟ್ಟು ಹೋದೆ. ತಿರುಗಿ ಬಂದಾಗ ಎರಡು ರೊಟ್ಟಿ ಉಳಿದಿದ್ದವು.

ಜನವರಿ ೧೬, ಗುರುವಾರ.

ಸಂಕ್ರಾಂತಿ ಆಯಿತು. ಗೋದುಬಾಯಿ ಎಲ್ಲರ ಕೈಗೂ ಎಳ್ಳುಬೆಲ್ಲ ಹಾಕಿದರು. ನನ್ನ ಕೈಗೆ ಎಲ್ಲರಿಗಿಂತ ಜಾಸ್ತಿ. ಜೊತೆಗೆ ಅಗ್ನೆಸ್‌ಳ ಡ್ಯೂಟಿಯೂ. ಅವಳು ಹಬ್ಬಕ್ಕೆ ಊರಿಗೆ ಹೋಗಿರಲಿಲ್ಲ, ಖೋಲಿಯಲ್ಲೇ ಇದ್ದಳು. "ನಂದು ಹಗಲು ಮುಗೀತ್ರಿ, ರಾತ್ರಿಗೆ ಬರೂದಿಲ್ಲ" ಎಂದಳಂತೆ. ಅಷ್ಟೇ. ಅದೇ ಮಾತನ್ನು ನಾನು ಕನ್ನಡಿ ಮುಂದೆ ನಿಂತು ಹೇಳಿ ನೋಡಿದೆ. ಧ್ವನಿ ಒಡೆಯಿತು.

ಅವಳನ್ನು ಏನೇನೋ ಅನ್ನುತ್ತಾರೆ. "ಕಾಡಿಂದ ಬಂದಾಳ, ಶಿಸ್ತು ಎಲ್ಲಿಂದ ಬರಬೇಕು" ಎಂದು ಗೋದುಬಾಯಿ. ಅವಳಂಥ ಸಿದ್ದಿ ಜನ ಎಂದರೆ ಇವರಿಗೆಲ್ಲ ಸದರ. ರವಿವಾರ ಚರ್ಚಿಗೆ ಹೋಗುವ ಪರವಾನಗಿಯನ್ನೂ ಈ ತಿಂಗಳು ಕಿತ್ತುಕೊಂಡಿದ್ದಾರೆ. ಅವಳು ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕುತ್ತಾಳೆ, ಮಲಗುತ್ತಾಳೆ.

"ನಿನಗ ಹೆದರಿಕಿ ಆಗೂದಿಲ್ಲೇನ ಅಗ್ನೆಸ್?"

"ಆಗ್ತದ. ಹೆದರಕೋತ ಮಲಗ್ತೇನಿ."

ನಗಿಸಿದಳು. ಆಮೇಲೆ ಮಗ್ಗಲು ಬದಲಿಸಿ, "ದುರ್ಗಿ, ನೀ ದಣದಾಗ ಇಂಜೆಕ್ಷನ್ ತುಂಬೂದು ನಾ ನೋಡೇನಿ. ಕೈ ನಡಗ್ತಾವ. ನನಗ ನಿದ್ದಿಗಿಂತ ಅದರದ ಹೆದರಿಕಿ ಹೆಚ್ಚು" ಎಂದಳು.

ಸಿಟ್ಟು ಬಂತು. ಇವಳು ಮಲಗಿದ್ದಕ್ಕೇ ತಾನೆ ನನ್ನ ಕೈ ನಡುಗುವುದು? ಅಂದುಬಿಟ್ಟೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಇನ್ನೂ ಮಾತಿಲ್ಲ.

ಜನವರಿ ೧೭, ಶುಕ್ರವಾರ.

ಬೆಳಿಗ್ಗೆ ಬೆಡ್‌ಪ್ಯಾನ್ ಹಿಡಿದುಕೊಂಡೇ ಗೋಡೆಗೆ ಆತು ಕುಸಿದೆ. ಡಾಕ್ಟರ್ ಚನಬಸಪ್ಪನವರು ರೌಂಡಿಗೆ ಬಂದಿದ್ದರು. ಒಳ್ಳೆಯವರು, ಯಾರಿಗೂ ಜೋರು ಮಾಡುವವರಲ್ಲ. ಅದೇ ಧೈರ್ಯದ ಮೇಲೆ ಹೇಳಿದೆ — "ಸಾಹೇಬ್ರ, ನಿದ್ದಿ ಇಲ್ರಿ. ಒಂದ ದಿವಸ ಸೂಟಿ ಕೊಡಿಸ್ರಿ."

ಕನ್ನಡಕ ಒರೆಸಿಕೊಂಡರು. "ಗೋದುಬಾಯಿಯವರಿಗೆ ಹೇಳವಾ. ಡ್ಯೂಟಿ ಹಚ್ಚೂದು ಅವರ ಕಡೆ ಐತಿ."

ಗೋದುಬಾಯಿ ಪಕ್ಕದಲ್ಲೇ ನಿಂತಿದ್ದರು. ಡಾಕ್ಟರು ಹೋದ ಮೇಲೆ, "ಸಾಹೇಬರ ಮಟ ಹೋದಿ?" ಎಂದರು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಬಂಗಾರದಂಥ ಹುಡುಗಿ ಕೈ ತಪ್ಪಿದ ಹಾಗೆ ನೋಡಿದರು. ಆ ನೋಟಕ್ಕೆ ಮನಸ್ಸು ಹುಳ್ಳಗಾಗಿ, ಸಂಜೆ ಹೋಗಿ ಅವರ ಮನೆಯ ಜೋಳ ಬೀಸಿಕೊಟ್ಟೆ. ಯಾರೂ ಹೇಳಿರಲಿಲ್ಲ.

ಜನವರಿ ೨೪, ಶುಕ್ರವಾರ. ಬೆಳಿಗ್ಗೆ.

ವಾರ ಬರೆದಿಲ್ಲ. ನಿನ್ನೆಯದು ಬರೆಯಬೇಕು. ಬರೆದರೆ ತಲೆಯಿಂದ ಇಳಿದೀತು.

ಮೊನ್ನೆ ರಾತ್ರಿ ವಾರ್ಡು, ನಿನ್ನೆ ಮಧ್ಯಾಹ್ನ ಬಿಡುಗಡೆ. ಜಡೆ ಬಿಚ್ಚಿ ಮಂಚದ ಮೇಲೆ ಕೂತಿದ್ದೆ ಅಷ್ಟೆ. ಸಾಂಬ್ರಾಣಿಯಿಂದ ಲಗಮಪ್ಪ ಎಂಬವನು ಎತ್ತಿನ ಚಕ್ಕಡಿ ಹೂಡಿಕೊಂಡು ಬಂದಿದ್ದ. ಹೆಂಡತಿ ಹೊಳೆವ್ವನಿಗೆ ಚೊಚ್ಚಲು, ಹೆರಿಗೆ ಬ್ಯಾನಿ ಹತ್ತಿದೆ. ಅಗ್ನೆಸ್ ವಾರ್ಡಿನಲ್ಲಿ. ಗೋದುಬಾಯಿ ಬಾಗಿಲಿಗೇ ಬಂದರು.

"ಬಾಯಿಯವರ, ನನಗ ಕಣ್ಣು ತೆರಿಯಾಕ ಆಗವಲ್ದು."

"ಚಕ್ಕಡಿಯೊಳಗ ಮಲಗವಾ. ಒಬ್ಬಾಕಿನ ಹೋಗಿ ಬಾ, ನೀ ಮಾಡ್ತಿ."

ಇಬ್ಬರು ಕೂಡಿ ಹೋಗಬೇಕು ಎಂಬುದು ರೂಲು. ಅವರಿಗೂ ಗೊತ್ತು. ನನಗೂ ಗೊತ್ತು. ಜಡೆ ಹಾಕಿಕೊಂಡು ಹೋದೆ.

ಹೆರಿಗೆ ಸಲೀಸಾಯಿತು. ಸಂಜೆ, ಬಿಸಿಲು ಇನ್ನೂ ಮಾಳಿಗೆಯ ಬೆಳಕಿಂಡಿಯಲ್ಲಿ ಇರುವಾಗಲೇ. ಗಂಡು ಕೂಸು. ಚಲೋ ಅತ್ತಿತು. ಹೊಳೆವ್ವನ ಅತ್ತೆ ಮಾಲವ್ವ ಊರಿನ ಹಳೇ ಸೂಲಗಿತ್ತಿ, ನನ್ನ ಕೈಯನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಹೊಕ್ಕುಳಬಳ್ಳಿ ಸಮೇತ ಮಾಸ ಬಿತ್ತು. ಬೋಗುಣಿಯಲ್ಲಿ ಹಿಡಿದೆ. ಬೋಗುಣಿ ಕೆಳಗಿಟ್ಟೆ. ಮೊದಲು ಕೂಸನ್ನು ಒರೆಸೋಣ ಎಂದು ತೊಡೆಯ ಮೇಲೆ ತೆಗೆದುಕೊಂಡೆ. ಬೆನ್ನು ಗೋಡೆಗೆ ತಾಗಿತು. ಗೋಡೆ ಬೆಚ್ಚಗಿತ್ತು...

ಕಣ್ಣು ಬಿಟ್ಟಾಗ ದೀಪ ಹಚ್ಚಿದ್ದರು. ಕೂಸು ತಾಯಿಯ ಪಕ್ಕ. ಬೋಗುಣಿ ತೊಳೆದು ಬೋರಲು ಹಾಕಿತ್ತು.

"ಮಾಸ ಎಲ್ಲಿ?"

"ಹಿತ್ತಲದಾಗ. ಹೂಳೇನಿ," ಎಂದಳು ಮಾಲವ್ವ. "ದೀಪ ಹಚ್ಚೂದರೊಳಗ ಮಣ್ಣಿಗೆ ಕೊಡಬೇಕವಾ. ಹೊಸ್ತಲದಾಚೆ ಬೆಳಕ ಇರೂತನಕ. ಇಲ್ಲಂದ್ರ ಬಾಣಂತಿ ಹಾಲು ಬತ್ತತೈತಿ."

"ನಾ ನೋಡಬೇಕಿತ್ತು. ಪೂರಾ ಐತೋ ಇಲ್ಲೋ..."

"ನಾ ನೋಡೇನಿ ತೊಗೊ. ಪೂರಾ. ನೀ ಹುಟ್ಟೂಕಿಂತ ಮೊದಲಿಂದ ನೋಡಾಕತ್ತೇನಿ."

ಮಾಸವನ್ನು ಅಂಗೈ ಮೇಲೆ ಹರವಿ, ತಿರುಗಿಸಿ, ಒಂದು ಚೂರೂ ಕಮ್ಮಿ ಇಲ್ಲವೆಂದು ನೋಡಬೇಕು. ಒಳಗೆ ಚೂರು ಉಳಿದರೆ ನಂಜು. ಮೊದಲ ತಿಂಗಳಲ್ಲೇ ಕಲಿಸಿದ್ದು. ಹಿತ್ತಲಿಗೆ ಹೋಗಿ ನಿಂತೆ. ಅರಿಷಿಣ ಚೆಲ್ಲಿದ ಹಸಿ ಮಣ್ಣು, ಮೇಲೆ ಕಲ್ಲು. ಅಗೆಯಿರಿ ಎನ್ನಬೇಕಿತ್ತು. ಎನ್ನಲಿಲ್ಲ. ಮಲಗಬೇಕಿತ್ತು ನನಗೆ, ಅಷ್ಟೆ. ಚಕ್ಕಡಿ ಹತ್ತಿದ್ದು ನೆನಪಿದೆ, ಇಳಿದದ್ದು ನೆನಪಿಲ್ಲ.

ಪೂರಾ ಇದ್ದೀತು. ಇರುತ್ತದೆ. ಮಾಲವ್ವ ಅನುಭವಸ್ಥೆ. ಇದ್ದೀತು.

ಜನವರಿ ೨೫, ಶನಿವಾರ.

ಮಧ್ಯಾಹ್ನದ ಬಿಡುವಿನಲ್ಲಿ ಸಾಂಬ್ರಾಣಿಗೆ ಹೋಗುವ ಖಾಲಿ ಚಕ್ಕಡಿ ಹತ್ತಿದೆ. ಹೊಳೆವ್ವ ಕೂತು ಬಾಣಂತಿ ಖಾರ ಹಚ್ಚಿದ ಅನ್ನ ಉಣ್ಣುತ್ತಿದ್ದಳು. ನಕ್ಕಳು. ಜ್ವರವಿಲ್ಲ. ರಕ್ತ ಸ್ವಲ್ಪ ಜಾಸ್ತಿ ಎನಿಸಿತು. ಅಥವಾ ನನ್ನ ಹೆದರಿಕೆಗೆ ಹಾಗೆನಿಸಿತೋ.

ಮಾಲವ್ವನನ್ನು ಹಿತ್ತಲಿಗೆ ಕರೆದು ಕೇಳಿದೆ, "ಆಯಿ, ಅದನ್ನ ಒಮ್ಮೆ ತಗದು ತೋರಸ್ರಿ."

ಅವಳು ಕಲ್ಲಿಗೆ ಅಡ್ಡ ನಿಂತಳು. "ಹುಚ್ಚ ಹಿಡದೈತೇನು? ಹೂಳಿದ್ದ ಹೊರಗ ತಗೀತಾರೇನು? ನಮ್ಮ ಮನಿ ಬಾಣಂತಿ ಹಾಲು ಬತ್ತಿಸಾಕ ಬಂದೀಯೇನು?"

"ಪೂರಾ ಇತ್ತೇನ್ರಿ ಖರೇನ?"

"ಸಾಲಿ ಕಲತಾಕಿ ನೀನು! ಮುಂದ ಕುಂತಾಕಿ ನೀನು! ನನ್ನ ಕೇಳ್ತೀಯೇನು? ಆವಾಗ ಗೋಡಿಗೆ ಬಡಕೊಂಡು ನಿದ್ದಿ ಹೊಡದಿ, ಈಗ ಕೇಳಾಕ ಬಂದಿ. ಹೋಗ್ವಾ, ಚಹಾ ಕುಡದ್ ಹೋಗು."

ಚಹಾ ಕುಡಿದೆ. ಬೆಲ್ಲದ ಚಹಾ. ಮುದುಕಿ ಹೇಳಿದ್ದರಲ್ಲಿ ತಪ್ಪು ಯಾವುದು? ಒಂದೂ ಇಲ್ಲ.

ತಿರುಗಿ ಬರುವುದು ತಡವಾಯಿತು. ಗೋದುಬಾಯಿಗೆ ಹೇಳಿದೆ, ಮಾಸ ನೋಡಿಲ್ಲ ಎಂದು. "ಹುಶಾರ್ ಇದ್ದಾಳಲ್ಲ? ಹಂಗಾದ್ರ ಮುಗೀತು. ಬ್ಯಾರೆ ಯಾರ ಮುಂದೂ ಅನ್ನಬ್ಯಾಡ" ಎಂದರು.

ಜನವರಿ ೨೭, ಸೋಮವಾರ. ಸಂಜೆ.

ಬಂದರು. ಚಕ್ಕಡಿಯಲ್ಲಿ ಹುಲ್ಲು ಹಾಸಿ, ಕೌದಿ ಹೊದಿಸಿ ಹೊಳೆವ್ವನನ್ನು ಕರೆತಂದರು. ಮೈ ಸುಡುತ್ತಿತ್ತು, ಹಲ್ಲು ಕಟಕಟ. ನನ್ನ ಗುರುತು ಹಿಡಿಯಲಿಲ್ಲ. ಮಾಲವ್ವ ಕೂಸನ್ನು ಎದೆಗವಚಿ ಹಿಂದೆ ನಡೆದುಕೊಂಡು ಬಂದಿದ್ದಳು. ನನ್ನ ಮುಖ ನೋಡಲಿಲ್ಲ.

ಡಾಕ್ಟರು ಕೇಳಿದರು, "ಮಾಸ ಪೂರಾ ಬಂದಿತ್ತೇನು?"

ನಾನು ಬಾಯಿ ತೆರೆಯುವುದರೊಳಗೆ ಗೋದುಬಾಯಿ — "ಪೂರಾ ಇತ್ರಿ ಸಾಹೇಬ್ರ. ನಮ್ಮ ದುರ್ಗವ್ವ ಮಾಡಿದ ಕೇಸು. ಭಾಳ ಚಲೋ ನೋಡ್ತಾಳ."

"ಹಂಗಾದ್ರ ಮಲೇರಿಯಾನ. ಆ ಕಡೆ ಹಳ್ಳಿಯೊಳಗ ಮನಿಗೊಬ್ಬರಿಗೆ ಐತಿ" ಎಂದು ಡಾಕ್ಟರು ಗುಳಿಗೆ ಬರೆದರು.

ಹೂಂ ಎನ್ನಲೂ ಇಲ್ಲ. ಇಲ್ಲ ಎನ್ನಲೂ ಇಲ್ಲ. ಗುಳಿಗೆ ನಾನೇ ನುಂಗಿಸಿದೆ.

ಖೋಲಿಗೆ ಬಂದು ಅಗ್ನೆಸ್‌ಗೆ ಎಲ್ಲ ಹೇಳಿದೆ. ಇಷ್ಟು ದಿನ ಮಾತು ಬಿಟ್ಟವಳು ಕೇಳಿಸಿಕೊಂಡಳು. "ನೀನ ಹೋಗಿ ಸಾಹೇಬರಿಗೆ ಹೇಳಬಾರದೇನ?" ಎಂದು ಅವಳ ಕಾಲು ಹಿಡಿಯುವುದೊಂದು ಬಾಕಿ.

"ಇಲ್ಲ. ಅದು ನನ್ನ ಕೆಲಸ ಅಲ್ಲ. ನೀ ಮಾಡಿದ ಕೇಸು, ನೀ ಹೇಳಬೇಕು." ಆಮೇಲೆ ನನ್ನ ಸೆರಗು ಸರಿ ಮಾಡಿ, "ಬಾಗಿಲ ಮಟ ಬರ್ತೇನಿ. ಒಳಗ ಬರೂದಿಲ್ಲ" ಎಂದಳು.

ಡಾಕ್ಟರು ಕೈ ತೊಳೆಯುತ್ತಿದ್ದರು. ಗೋದುಬಾಯಿ ಟಾವೆಲ್ ಹಿಡಿದು ನಿಂತಿದ್ದರು.

"ಸಾಹೇಬ್ರ, ಮಾಸ ನಾ ನೋಡಿಲ್ರಿ. ನಿದ್ದಿ ಹತ್ತಿತ್ತು. ನೋಡೂದರೊಳಗ ಹೂಳಿದ್ರು."

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಗೋದುಬಾಯಿಯ ಕೈಯ ಟಾವೆಲ್ಲು ಅಲುಗಾಡಲಿಲ್ಲ. ಡಾಕ್ಟರು ಒದ್ದೆ ಕೈಯಲ್ಲೇ ವಾರ್ಡಿನ ಕಡೆ ಓಡಿದರು.

ಜನವರಿ ೨೮, ಮಂಗಳವಾರ.

ಚೂರು ಇತ್ತು. ಡಾಕ್ಟರು ತೆಗೆದರು. ಅಗ್ನೆಸ್ ಒಳಗೆ ಬೆಳಕು ಹಿಡಿದಿದ್ದಳು. ಅಡಿಕೆ ಹೋಳಿನಷ್ಟು ಎಂದಳು. ಅಷ್ಟೇ ಅಷ್ಟು. ನಾನು ಹೊರಗೆ ನಿಂತಿದ್ದೆ, ಮಾಲವ್ವನ ಪಕ್ಕ. ಕೂಸು ಅಳುತ್ತಿತ್ತು. ಮುದುಕಿ ಸಕ್ಕರೆ ನೀರಲ್ಲಿ ಬಟ್ಟೆ ಅದ್ದಿ ಚೀಪಿಸುತ್ತ, "ಹೂಳಿದ್ದ ನಾನು" ಎಂದಳು. ಯಾರಿಗೆ ಹೇಳಿದಳೋ. ನಾನು "ಬಿಟ್ಟದ್ದು ನಾನು, ಆಯಿ" ಎಂದೆ.

ಜ್ವರ ಇಳಿದಿಲ್ಲ. ಪೆನಿಸಿಲಿನ್ ಹಾಕುತ್ತಿದ್ದಾರೆ. ನಂಜು ರಕ್ತಕ್ಕೆ ಏರಿದ್ದರೆ... ಡಾಕ್ಟರು ಅಷ್ಟಕ್ಕೇ ನಿಲ್ಲಿಸಿದರು.

ನನ್ನನ್ನು ಕರೆದು ಕೂರಿಸಿದರು. ಜೋರು ಮಾಡಲಿಲ್ಲ. "ನಿದ್ದಿಗೆಟ್ಟು ಕೇಸಿಗೆ ಹೋಗಬಾರದವಾ. ಆಗೂದಿಲ್ಲ ಅಂತ ಹೇಳಬೇಕಿತ್ತು."

"ಹೇಳಿದ್ದೆನ್ರಿ. ಬಾಯಿಯವರಿಗೆ. ನಿಮಗೂ."

ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. "ಹಂಗ ಹೇಳೂದಲ್ಲ. ಗಟ್ಟಿಯಾಗಿ ಹೇಳಬೇಕು."

ಗಟ್ಟಿಯಾಗಿ. ಯಾವ ತರಗತಿಯಲ್ಲಿ ಕಲಿಸುತ್ತಾರೆ ಅದನ್ನು? ನಾನು ಶಾಲೆ ಬಿಟ್ಟ ಮೇಲೆ ಕಲಿಸಿರಬೇಕು.

ಜನವರಿ ೨೯, ಬುಧವಾರ.

ಮಾರ್ಚಿನ ಪರೀಕ್ಷೆಗೆ ನನ್ನನ್ನು ಕಳಿಸುವುದಿಲ್ಲ. ಇನ್ನೂ ಆರು ತಿಂಗಳು ಇಲ್ಲೇ, ಇದೇ ವಾರ್ಡು, ಇದೇ ಗೋದುಬಾಯಿ. ದಣಿದು ತಪ್ಪು ಮಾಡಿದ್ದಕ್ಕೆ ಇನ್ನಷ್ಟು ದಣಿಯುವ ಶಿಕ್ಷೆ. ಒಬ್ಬಳನ್ನೇ ಕಳಿಸಿದವರು ಯಾರು ಎಂದು ಯಾರೂ ಕೇಳಲಿಲ್ಲ.

ಅಪ್ಪನಿಗೆ ಹೇಗೆ ತಿಳಿಸಲಿ? ಎದಕ್ಕೂ ಒಲ್ಲೆ ಅನ್ನಲಿಲ್ಲ ಅಪ್ಪಾ, ಅದಕ್ಕೇ ಹಿಂಗಾಯಿತು ಎಂದು ಹೇಳಲೇ? ಅವನಿಗೆ ತಿಳಿದೀತೇ? ತಿಳಿದರೂ ನಾಳೆ ಮಿಲ್ಲಿಗೆ ಹೋಗಬೇಕಾದವನು ಅವನು.

ಗೋದುಬಾಯಿ ಓಣಿಯಲ್ಲಿ ಸಿಕ್ಕರು. "ಬಂಗಾರದಂಥ ಹುಡುಗಿ ಅಂದಿದ್ದೆ ನಿನಗ. ಬಾಯಿ ಮುಚ್ಚಿಕೊಂಡಿದ್ರ ಮಲೇರಿಯಾ ಅಂತ ಹೋಗ್ತಿತ್ತು."

ಹೋಗುತ್ತಿತ್ತು. ಜೊತೆಗೆ ಹೊಳೆವ್ವನೂ ಹೋಗುತ್ತಿದ್ದಳು. ಅಷ್ಟು ಹೇಳಿದೆ. ಗಟ್ಟಿಯಾಗಿ ಹೇಳಿದೆನೋ ಇಲ್ಲವೋ ಗೊತ್ತಿಲ್ಲ. ಅವರು ಗೋಡೆ ಹಿಡಿದು, ಆ ಬಾತ ಕಾಲನ್ನು ಎಳೆಯುತ್ತ ಹೋದರು.

ಜನವರಿ ೩೦, ಗುರುವಾರ. ಮಧ್ಯಾಹ್ನ.

ನನ್ನ ಡ್ಯೂಟಿ ಮುಗಿಯಿತು. ವಾರ್ಡಿನಲ್ಲಿ ಈಗ ಅಗ್ನೆಸ್. ಬೆಳಿಗ್ಗೆ ನಾನು ನೋಡಿದಾಗ ಹೊಳೆವ್ವನಿಗೆ ನೂರಾ ಮೂರು. ನಾಲಿಗೆ ಒಣಗಿತ್ತು. ಹಾಲು ಹಿಂಡಿದರೂ ಬರುತ್ತಿಲ್ಲ. ಮಾಲವ್ವ ಅದಕ್ಕೂ ನನ್ನನ್ನೇ ನೋಡುತ್ತಾಳೆ — ನಾನು ಕಲ್ಲಿನ ಹತ್ತಿರ ಹೋದದ್ದಕ್ಕೇ ಬತ್ತಿತೆಂದು. ಜ್ವರಕ್ಕೆ ಬತ್ತಿದ್ದು ಎಂದು ಹೇಳಿದೆ. ನಂಬಲಿಲ್ಲ.

ಈಗ ಆಯಾ ಬಂದಿದ್ದಳು. ಯಾವುದೋ ಮನೆ ಹೆರಿಗೆ, ಬಾಯಿಯವರು ಹೊರಡು ಎನ್ನುತ್ತಾರೆ ಎಂದು. "ಬರೂದಿಲ್ಲಂತ ಹೇಳು" ಎಂದೆ. ಆಯಾ ಕಿವುಡಿಯ ಹಾಗೆ ನಿಂತಳು. ಮತ್ತೆ ಹೇಳಿದೆ.

ಗೋದುಬಾಯಿಯೇ ಬಂದರು. ಹೊಸ್ತಿಲ ಆಚೆ ಅವರು, ಈಚೆ ನಾನು.

"ಸೊಕ್ಕು ಬಂತೇನು?"

"ಇಲ್ರಿ ಬಾಯಿಯವರ. ನಿದ್ದಿ ಬಂದೈತಿ. ಈ ಕೈಯಿಂದ ಇವತ್ತ ಯಾರನ್ನೂ ಮುಟ್ಟೂದಿಲ್ಲ."

ಚೀಲ ತೆಗೆದುಕೊಂಡು ತಾವೇ ಹೊರಟರು. ಕಿಟಕಿಯಿಂದ ನೋಡಿದೆ — ಚಕ್ಕಡಿ ಹತ್ತಲು ಆಗದೆ ಗಾಡಿಯವನು ಕೈ ಹಿಡಿದು ಎಳೆದ. ಗೆದ್ದೆ ಎನಿಸಲಿಲ್ಲ. ಓಡಿ ಹೋಗಿ ಕೂರಬೇಕೆನಿಸಿತು. ಮಂಚದ ಪಟ್ಟಿ ಹಿಡಿದುಕೊಂಡು ಕೂತೆ. ಚಕ್ಕಡಿ ಮರೆಯಾಗುವವರೆಗೂ ಬಿಡಲಿಲ್ಲ.

ಮಲಗಿದೆ. ನಿದ್ದೆ ಇಲ್ಲ. ಇಷ್ಟು ಜಗಳ ಮಾಡಿ ಪಡೆದ ನಿದ್ದೆ, ಬರುವುದಿಲ್ಲವಂತೆ ಈಗ. ಪೆನ್ನು ತೆಗೆದುಕೊಂಡೆ.

ಸಂಜೆ.

ಅಗ್ನೆಸ್ ಓಡಿ ಬಂದಳು. ಜ್ವರ ಇಳಿದಿದೆಯಂತೆ. ತೊಂಬತ್ತೊಂಬತ್ತು. "ನಿಜ?" ಎಂದೆ. "ಆಣಿ ಮಾಡ್ಲೇನು? ಎದ್ದು ಕುಂತು ನೀರು ಕೇಳಿದ್ಲು" ಎಂದಳು. ನಕ್ಕಳು. ನನಗೂ ನಗು ಬಂದೇ ಬಿಟ್ಟಿತ್ತು, ಅಷ್ಟರಲ್ಲಿ...

ನೀರು ಕುಡಿದಳೇ? ಯಾವಾಗ? ಥರ್ಮಾಮೀಟರ್ ಇಡುವ ಮುಂಚೆಯೋ, ಆಮೇಲೆಯೋ? ತಣ್ಣೀರು ಕುಡಿದ ಬಾಯಲ್ಲಿ ಇಟ್ಟರೆ ಇಳಿದ ಹಾಗೆಯೇ ತೋರಿಸುತ್ತದೆ. ಅಗ್ನೆಸ್ ನೆನಪು ಮಾಡಿಕೊಂಡಳು. ಕೊಡ ಮಾಲವ್ವನ ಪಕ್ಕದಲ್ಲೇ ಇತ್ತು, ತಾನು ಆಚೆ ಮಂಚದ ಕಡೆ ತಿರುಗಿದ್ದೆ, ಗೊತ್ತಿಲ್ಲ ಎಂದಳು.

ನಾನು ವಾರ್ಡಿಗೆ ಹೋಗುವುದಿಲ್ಲ. ಡ್ಯೂಟಿ ಅವಳದು. ಅವಳು ನನಗಿಂತ ಚಲೋ ನೋಡುತ್ತಾಳೆ. ಆದರೂ ಬಾಗಿಲಲ್ಲಿ ಅವಳ ಕೈ ಹಿಡಿದು ಹೇಳಿದೆ — ಅಗ್ನೆಸ್, ಬಾಯಿಯಲ್ಲಿ ಬೇಡ, ಕಂಕುಳಲ್ಲಿ ಇಡು, ಪೂರಾ ಹೊತ್ತು ಇಡು, ಇದೊಂದು ಸಲ, ಇನ್ನೊಮ್ಮೆ ನೋಡಿ ಬಾರೇ —